ನಾಲ್ಕನೆಯ ರಾತ್ರಿ

ಭಾನುವಾರ ಸಂಜೆ ಏಳು ಗಂಟೆಗೆ ನೆವಿಲ್‌ನ ಹಣೆ ಮುಟ್ಟಿ ನೋಡಿದೆ. ಕಾದ ಕಾವಲಿಯಂತಿತ್ತು. ಆದರೂ ಅವನ ಜಾಕೆಟ್ ತಂದು ತೊಡೆಯ ಮೇಲೆ ಹಾಕಿದೆ.

"ಏಳು ಮಾರಾಯ. ಹೊರಡು."

"ಜ್ವರ ಬಂದಿದೆ ಕಣೇ ಜನೀನ್."

"ಗೊತ್ತು. ಮಂಗಳವಾರ, ಶುಕ್ರವಾರ, ಶನಿವಾರ, ಮೂರೂ ಮುಗೀತಲ್ಲ? ಇವತ್ತು ಉಳಿದ್ರೆ ನಾಲ್ಕಾಗುತ್ತೆ."

ಇಂಗ್ಲೆಂಡಿನ ನಮ್ಮ ಗ್ರಿಮ್ಸ್‌ಬಿ ಊರಲ್ಲಿ ಇದು ಎಲ್ಲರ ಬಾಯಲ್ಲೂ ಇರುವ ಮಾತು. ಸರ್ಕಾರದ ಸಹಾಯಧನದಲ್ಲಿ ಮಗು ಸಾಕುವ ಒಂಟಿ ಹೆಂಗಸಿನ ಮನೆಯಲ್ಲಿ ಗಂಡಸು ವಾರಕ್ಕೆ ಮೂರು ರಾತ್ರಿ ಉಳಿಯಬಹುದು. ನಾಲ್ಕನೆಯ ರಾತ್ರಿ ಉಳಿದನೋ, ಅವನನ್ನು ಗಂಡನೆಂದೇ ಹಿಡಿಯುತ್ತಾರೆ. ಅವನ ಸಂಬಳವನ್ನೂ ಸೇರಿಸಿ ನೋಡಿ ನನ್ನ ಹಣ ಕತ್ತರಿಸುತ್ತಾರೆ. ಮೀನಿನ ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಂತು ಕೆಲಸ ಮಾಡುವವರೆಲ್ಲ ಹೀಗೇ ಹೇಳುತ್ತಿದ್ದರು. ಎರಡು ವರ್ಷದಿಂದ ನಾನು ಪ್ರೀತಿಯನ್ನು ಬೆರಳು ಮಡಿಸಿ ಎಣಿಸುತ್ತಿದ್ದೆ. ನೆವಿಲ್ ತನ್ನ ಬ್ರೆಡ್ ವ್ಯಾನನ್ನು ಎರಡು ಬೀದಿ ಆಚೆ ನಿಲ್ಲಿಸಿ ನಡೆದು ಬರುತ್ತಿದ್ದ.

ಜ್ವರದಲ್ಲೂ ಅವನ ಕಣ್ಣಿನ ತುಂಟತನ ಹೋಗಿರಲಿಲ್ಲ. "ಸೋಫಾ ಮೇಲೆ ಮಲಗಿದ್ರೆ ಅರ್ಧ ರಾತ್ರಿ ಅಂತ ಬರ್ಕೊಳ್ಳಲ್ವಾ?"

ನನಗೆ ನಗು ಬರಲಿಲ್ಲ. ಅವನು ಶೂ ಲೇಸ್ ಕಟ್ಟಿಕೊಂಡ. ಬಾಗಿಲಲ್ಲಿ ನಿಂತು, "ನಾನು ನಿಂಗೆ ಭಾರ ಆಗಿದ್ರೆ ಬಾಯಿಬಿಟ್ಟು ಹೇಳೇ, ಸಾಕು" ಎಂದು ಹೊರಟುಹೋದ. ಛೆ, ಎಂಥ ಹೆಂಗಸು ನಾನು! ಆ ರಾತ್ರಿ ಹತ್ತು ಸಲ ಫೋನ್ ಕೈಗೆತ್ತಿಕೊಂಡು ಹತ್ತು ಸಲವೂ ಕೆಳಗಿಟ್ಟೆ.

ಬೆಳಗ್ಗೆ ಮಗಳು ಎಲ್ಸಿಯನ್ನು ಶಾಲೆಗೆ ಬಿಟ್ಟು ನೇರ ಲೈಬ್ರರಿಗೆ ಹೋದೆ. ಸೋಮವಾರ ಅಲ್ಲಿ ಗ್ಲೆನಿಸ್ ಎಂಬಾಕೆ ಇಂಥ ವಿಷಯಗಳಿಗೆ ಪುಕ್ಕಟೆ ಸಲಹೆ ಕೊಡುತ್ತಾರೆ.

"ಜ್ವರ ಬಂದ್ರೆ ನಾಲ್ಕನೇ ರಾತ್ರಿಗೆ ಏನಾದ್ರೂ ವಿನಾಯಿತಿ ಇದೆಯಾ ಮೇಡಂ?"

ಆಕೆ ಕನ್ನಡಕ ತೆಗೆದರು. "ಅಯ್ಯೋ ಪಾಪ, ನೀವೂ ನಂಬಿದ್ರಾ? ಅಂಥ ನಿಯಮನೇ ಇಲ್ಲಮ್ಮ. ಕಚೇರಿಯವರು ರಾತ್ರಿ ಎಣಿಸಿ ತೀರ್ಮಾನ ಮಾಡಲ್ಲ. ಇಬ್ರೂ ಒಟ್ಟಿಗೆ ಸಂಸಾರ ನಡೆಸ್ತಿದೀರಾ ಅಂತ ನೋಡ್ತಾರೆ. ನಿಮ್ಮವರು ಬಂದು ನೆಲೆಸಿದ್ರೆ ತಕ್ಷಣ ತಿಳಿಸಿಬಿಡಿ. ಹಣ ಕಡಿಮೆಯಾಗುತ್ತೆ, ಅದು ಮಾತ್ರ ನಿಜ."

ಇಲ್ಲದ ನಿಯಮಕ್ಕೆ ಹೆದರಿ ಜ್ವರದವನನ್ನು ಆಚೆಗೆ ಅಟ್ಟಿದ್ದೆ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ, ಯಾರು ನೋಡಿದರೂ ನೋಡಲಿ ಎಂದು.

ಕ್ಷೌರದಂಗಡಿಯ ಮಹಡಿಯ ಮೇಲೆ ನೆವಿಲ್‌ನ ಕೋಣೆ. ಕಂಬಳಿ ಹೊದ್ದುಕೊಂಡೇ ಬಾಗಿಲು ತೆಗೆದ.

"ಏನಮ್ಮಾ ಇದು, ಸೋಮವಾರ ಮುಖ ತೋರಿಸಿದೀಯ? ದಂಡ ಬೀಳಲ್ವಾ?"

ಎಲ್ಲ ಹೇಳಿದೆ. ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಮೆಲ್ಲನೆ, "ಹಾಗಾದ್ರೆ ಬಂದುಬಿಡ್ಲಾ? ಪೂರ್ತಿ?" ಎಂದ.

"ಬೇಡ."

ಅವನ ಮುಖ ಸಪ್ಪೆಯಾಯಿತು. ಮೂರು ರಾತ್ರಿಯ ಮಾತಿನ ಹಿಂದೆ ನಾನು ಇಷ್ಟು ದಿನ ಅಡಗಿ ಕೂತಿದ್ದೆ ಎಂದು ನನಗೇ ಆಗ ಹೊಳೆಯಿತು.

"ಎಲ್ಸಿ ಅಪ್ಪನ ಹತ್ರ ಒಂದು ಜೊತೆ ಸಾಕ್ಸ್‌ಗೂ ಕೈ ಚಾಚಿದೀನಿ ನೆವಿಲ್. ರಸೀದಿ ತೋರಿಸಿದ್ಮೇಲೂ ಬೈಸ್ಕೊಂಡಿದೀನಿ. ಈ ಸಹಾಯಧನ ಎಷ್ಟೇ ಇರ್ಲಿ, ನನ್ನ ಹೆಸರಿಗೆ ಬರುತ್ತೆ. ನೀನು ಬಂದ್ರೆ ಅದು ಕಡಿಮೆಯಾಗುತ್ತೆ, ಕಾರ್ಖಾನೆ ಸಂಬಳ ಒಂದರಲ್ಲೇ ಮನೆ ನಡೆಯಲ್ಲ. ಇನ್ನೊಂದ್ಸಲ ಒಬ್ಬ ಗಂಡಸಿನ ಮುಂದೆ ನಿಂತು ದುಡ್ಡು ಕೇಳೋಕೆ ನನ್ನಿಂದ ಆಗಲ್ಲ. ನಿನ್ನ ಮುಂದೇನೂ."

ಅವನು ಕಂಬಳಿ ಸುತ್ತಿಕೊಂಡು ಮಂಚದ ಅಂಚಿಗೆ ಕೂತ.

"ನನ್ನ ಸಂಬಳ ನಿನ್ನ ಖಾತೆಗೇ ಹಾಕಿಸ್ತೀನಿ. ನಾನೇ ಕೇಳ್ತೀನಿ, 'ಅಮ್ಮಾ ತಾಯಿ, ಚಿಪ್ಸ್ ತಿನ್ನೋಕೆ ಕಾಸು ಕೊಡು' ಅಂತ."

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೇ."

"ನೀನು ಕೇಳೋದೂ ನಂಗೆ ಬೇಡ. ಮನೆಗೆ ಬೇಕಾದ ನಿನ್ನ ಪಾಲು ತಿಂಗಳ ಮೊದಲನೇ ದಿನವೇ ನನ್ನ ಖಾತೆಗೆ ಬರ್ಬೇಕು. ಒಂದು ಸಲ ತಪ್ಪಿದ್ರೂ ನಿನ್ನ ಪೆಟ್ಟಿಗೆ ಬೀದಿಲಿರುತ್ತೆ."

"ಅಬ್ಬಾ! ಒಪ್ಪಿದೆ" ಎಂದ. ಆ ಕೆಂಪು ಕಣ್ಣುಗಳಲ್ಲಿ ನಗು ಮೂಡಿತ್ತು, ಹೆದರಿಕೆಯೂ ಇತ್ತು. ನನಗೂ ಹೆದರಿಕೆಯೇ. ಧೈರ್ಯ ಕರಗುವ ಮೊದಲೇ ಸಹಾಯಧನದ ಕಚೇರಿಗೆ ಫೋನ್ ಮಾಡಿದೆ. ಐವತ್ತು ನಿಮಿಷ ಕಾಯಿಸಿದರು, ಫೋನಿನಲ್ಲಿ ಮತ್ತೆ ಮತ್ತೆ ಅದೇ ಸಂಗೀತ. ಅವನ ಬಿಸಿ ಕೈ ನನ್ನ ಕೈಯಲ್ಲೇ ಇತ್ತು.

ಕೊನೆಗೊಂದು ಹುಡುಗಿಯ ದನಿ. "ಹೇಳಿ, ಏನು ಬದಲಾವಣೆ?"

"ಒಬ್ಬರು ನಮ್ಮನೇಲಿ ಇರೋಕೆ ಬರ್ತಿದಾರೆ. ಇವತ್ತಿಂದ."

"ಬಾಡಿಗೆಗಾ?"

ಹೂಂ ಎಂದಿದ್ದರೆ ಸಾಕಿತ್ತು. ಹೆಚ್ಚೂ ಕಡಿಮೆ ಎಲ್ಲ ಹಣವೂ ಉಳಿಯುತ್ತಿತ್ತು. ನೆವಿಲ್ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದ.

"ಅಲ್ಲ."

"ನೆಂಟರಾ?"

"ಅಲ್ಲ."

"ಮತ್ತೆ ನಿಮಗೆ ಏನಾಗ್ಬೇಕು ಅವರು?"

"ನನ್ನವನು" ಎಂದೆ. "ಇವನನ್ನ ಕಂಡ್ರೆ ನಂಗೆ ಪ್ರಾಣ. ನಿಮ್ಮಲ್ಲಿ ಅದಕ್ಕೆ ಏನು ಬರೀತಾರೋ ಅದನ್ನೇ ಬರ್ಕೊಳ್ಳಿ."

ಕೀಲಿಮಣೆಯ ಸದ್ದು ಒಂದು ಕ್ಷಣ ನಿಂತಿತು. "ಸಂಗಾತಿ ಅಂತ ಬರೀತೀವಿ. ನಿಮ್ಮ ಹಣ ಕಡಿಮೆಯಾಗುತ್ತೆ. ಗೊತ್ತಲ್ವಾ?"

"ಗೊತ್ತು" ಎಂದೆ. ನೆವಿಲ್ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.