ಹೊಂಡಕ್ಕೆ ಇಪ್ಪತ್ತು ಮೆಟ್ಟಿಲು

ಕಾನ್‌ಸ್ಟೇಬಲ್ ರಂಜಿತಾ ಠಾಣೆಯ ಕುಡಿಯುವ ನೀರಿನ ಡ್ರಮ್ಮನ್ನು ಅಡ್ಡ ಮಲಗಿಸಿ, ತೆಂಗಿನ ನಾರಿನಿಂದ ಒಳಗಿನ ಪಾಚಿ ತಿಕ್ಕುತ್ತಿದ್ದಳು. ಅರ್ಧ ತಿಕ್ಕುವಷ್ಟರಲ್ಲಿ ಅಂಗಳಕ್ಕೆ ಜೀಪು ಬಂತು. ಇಳಿದವರು ಮಾದಾಪುರದ ಕಡೆಯ ಕಾಫಿ ಬೆಳೆಗಾರ ಮರುಳಸಿದ್ದಪ್ಪ. 2025ರ ಮಾರ್ಚ್ 3, ಸೋಮವಾರ, ಬೆಳಿಗ್ಗೆ 9.20.

ಸಬ್ ಇನ್‌ಸ್ಪೆಕ್ಟರ್ ಶಿವಪ್ರಕಾಶ್ ಎದುರಿನ ಕುರ್ಚಿ ತೋರಿಸಿದರು. ಮರುಳಸಿದ್ದಪ್ಪ ಕೂರಲಿಲ್ಲ.

"ನನ್ನ ಹೊಂಡದ ನೀರು ಅರ್ಧಕ್ಕರ್ಧ ಬಿಟ್ಟವ್ರೆ ಸಾರ್. ಹೂವಿಗೆ ಸ್ಪ್ರಿಂಕ್ಲರ್ ಹಾಕೋ ವಾರ ಇದು. ಮೊಗ್ಗು ಒಣಗಿದ್ರೆ ವರ್ಷದ ಬೆಳೆ ಹೋಯ್ತು."

"ಏನಾದರೂ ಕಳುವಾಗಿದೆಯಾ?"

"ಕಳುವಾಗಿಲ್ಲ. ಇಟ್ಟು ಹೋಗವ್ರೆ."

"ಏನನ್ನ?"

"ಮೆಟ್ಟಿಲು."

ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪದ್ಮಯ್ಯ ತಲೆ ಎತ್ತಿದರು. "ಮೆಟ್ಟಿಲಾ?"

"ಹೂಂ ಕಣ್ರೀ. ಪಂಪು ಕದಿಯೋನು ಗೊತ್ತು, ಮೆಣಸು ಕದಿಯೋನು ಗೊತ್ತು. ಮೆಟ್ಟಿಲು ಕಟ್ಟೋ ಕಳ್ಳನ್ನ ನಮ್ಮಪ್ಪನೂ ಕಂಡಿರ್ಲಿಲ್ಲ."

ವ್ಯವಸಾಯದ ನೀರು ಪೋಲು ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 326(ಎ) ಅಡಿ, ಅತಿಕ್ರಮ ಪ್ರವೇಶವನ್ನೂ ಸೇರಿಸಿ ಎಫ್‌ಐಆರ್ ದಾಖಲಾಯಿತು.

11.10ಕ್ಕೆ ತೋಟದಲ್ಲಿ ಪಂಚನಾಮೆ ಶುರುವಾಯಿತು. ಹೊಂಡ ಅಂದರೆ ಕೆರೆಯಲ್ಲ. ಹನ್ನೆರಡು ಅಡಿ ಆಳ ತೋಡಿ, ನಾಲ್ಕೂ ಕಡೆ ಇಳಿಜಾರು ಮಾಡಿ, ಮೇಲೆ ಕಪ್ಪು ಪ್ಲಾಸ್ಟಿಕ್ ಶೀಟು ಹಾಸಿದ್ದು. ನೀರು ಇಂಗುವುದಿಲ್ಲ. ಆದರೆ ಒದ್ದೆ ಶೀಟಿನ ಮೇಲೆ ಕಾಲಿಟ್ಟವರು ಜಾರುತ್ತಾರೆ. ಈಜು ಬಂದರೂ ಮೇಲೆ ಹತ್ತಲು ಹಿಡಿತವಿಲ್ಲ.

ಪೂರ್ವದ ಮೂಲೆಯಲ್ಲಿ ಅರ್ಧರ್ಧ ಮರಳು ತುಂಬಿದ ಗೋಣಿಚೀಲಗಳು, ಜೋಡಿ ಜೋಡಿಯಾಗಿ, ದಡದಿಂದ ನೀರಿನವರೆಗೆ ಇಳಿದಿದ್ದವು. ಶಿವಪ್ರಕಾಶ್ ಟೇಪು ಹಿಡಿದರು. ಇಪ್ಪತ್ತು ಮೆಟ್ಟಿಲು. ಒಂದೊಂದರ ಎತ್ತರ ನಾಲ್ಕೇ ಇಂಚು, ಅಗಲ ಎರಡೂ ಪಾದ ಒಟ್ಟಿಗೆ ಊರಿ ನಿಲ್ಲುವಷ್ಟು. ಹತ್ತುವವರ ಎಡಗೈಗೆ ಸಿಗುವಂತೆ ಸಿಲ್ವರ್ ಓಕ್ ಮರದಿಂದ ದಪ್ಪ ಹಗ್ಗ, ಗೇಣಿಗೊಂದು ಗಂಟು. ಉಳಿದ ಮೂರು ಕಡೆ ಹಳೆಯ ಟೈರುಗಳನ್ನು ನೀರಿನ ಮಟ್ಟಕ್ಕೆ ಇಳಿಬಿಟ್ಟಿತ್ತು. ಚೀಲದ ಅಡಿಯಲ್ಲಿ ಹಳೆಯ ಕಂಬಳಿ.

"ಕಂಬಳಿ ಯಾಕೆ ಸಾರ್?" ರಂಜಿತಾ ಕೇಳಿದಳು.

"ಶೀಟು ಹರಿಯಬಾರದು ಅಂತ. ನೋಡು, ಒಂದು ಗೀರಿಲ್ಲ. ಪದ್ಮಯ್ಯ, ಇಳಿದು ಹತ್ತಿ ನೋಡಿ."

ಪದ್ಮಯ್ಯನವರಿಗೆ ಮಂಡಿನೋವು. ಗೊಣಗಿಕೊಂಡೇ ಇಳಿದರು. ನೀರು ಮುಟ್ಟಿ, ಹಗ್ಗ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಸೇರಿಸಿಕೊಂಡು ಯಾರ ಕೈಯನ್ನೂ ಕೇಳದೆ ಹತ್ತಿ ಬಂದರು.

"ನಮ್ಮ ಠಾಣೆ ಮೆಟ್ಟಿಲಿಗಿಂತ ಇದೇ ವಾಸಿ ಸಾರ್."

"ಹೊಗಳಿ ಹೊಗಳಿ!" ಮರುಳಸಿದ್ದಪ್ಪ ರೇಗಿದರು. "ನಾಳೆ ಎಲ್ಲ ಕಿತ್ತು ಬಿಸಾಡ್ತೀನಿ."

"ಮುಟ್ಟಬೇಡಿ ಯಜಮಾನ್ರೇ, ಇದು ಸಾಕ್ಷ್ಯ. ಕೋರ್ಟು ಹೇಳೋವರೆಗೆ ಇಲ್ಲೇ ಇರಬೇಕು."

ಅಚ್ಚಾದ ತೋಟದ ಹೆಸರು ಕಾಣದಿರಲೆಂದು ಚೀಲಗಳನ್ನು ಒಳಹೊರಗು ಮಾಡಿ ಹೊಲಿದಿದ್ದರು. ಅಷ್ಟು ಎಚ್ಚರ ವಹಿಸಿದವರು ಒಂದು ಕಡೆ ಮರೆತಿದ್ದರು. ಪ್ರತಿ ಚೀಲದ ಮೂಲೆಯ ಕಿವಿಗೂ ನೀಲಿ ಬಟ್ಟೆಯ ಚೂರು ಕಟ್ಟಿತ್ತು.

ಪದ್ಮಯ್ಯ ಅದನ್ನು ಬೆರಳಲ್ಲಿ ತಿರುವಿದರು. "ಕಾಫಿ ಹಣ್ಣು ಪಿಕಿಂಗ್ ಮಾಡೋ ಹೆಂಗಸರ ಗುರುತು ಸಾರ್. ಸಂಜೆ ತೂಕಕ್ಕೆ ಎಲ್ಲರ ಚೀಲ ಒಂದೇ ಕಡೆ ಬೀಳ್ತದಲ್ಲ, ತಮ್ಮದು ತಮಗೆ ಸಿಗಲಿ ಅಂತ ಕಟ್ತಾರೆ. ವರ್ಷಗಟ್ಟಲೆ ಕಟ್ಟಿದ ಕೈ, ಬೇಡ ಅಂದ್ರೂ ಕಟ್ಟಿಬಿಡ್ತದೆ. ನನ್ನ ಹೆಂಡ್ತಿದು ಹಳದಿ."

ಮಾರ್ಚ್ 4, ಬೆಳಿಗ್ಗೆ 10. ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಸತೀಶ್ ಬಟ್ಟೆ ಚೂರು ನೋಡಿ ಬೇರೆ ಕಡೆ ತಿರುಗಿದ.

"ಯಾರದ್ದು?" ಶಿವಪ್ರಕಾಶ್ ಕೇಳಿದರು.

"ನೀಲಿ ಎಲ್ಲರ ಹತ್ರನೂ ಇರ್ತದೆ ಸಾರ್."

"ನಿನ್ನ ತೂಕದ ಕಣದಲ್ಲಿ ನೀಲಿ ಎಷ್ಟು ಜನರದ್ದು?"

"ಒಬ್ಬರದ್ದು. ಸಿದ್ದಮ್ಮಂದು. ಸಂತೆಗೆ ಎಲ್ಲರೂ ಹೋದ್ರೂ ಆಯಮ್ಮ ಹೋಗಲ್ಲ. ಒಳ್ಳೆ ಹೆಂಗಸು ಸಾರ್. ಬೈಬೇಡಿ."

ಸಿದ್ದಮ್ಮ ಎಂಬ ಹೆಸರು ಪದ್ಮಯ್ಯನವರಿಗೆ ಎಲ್ಲೋ ಬರೆದ ನೆನಪು. ಠಾಣೆಗೆ ಮರಳಿ 2023ರ ಅಸಹಜ ಸಾವಿನ ಕಡತ ತೆಗೆದರು. ಏಪ್ರಿಲ್ 11. ಮೃತೆ ತುಳಸಿ, ವಯಸ್ಸು 19, ಸಿದ್ದಮ್ಮನ ಒಬ್ಬಳೇ ಮಗಳು. ಹುಟ್ಟಿನಿಂದ ಬಲಗಾಲು ಸಣ್ಣದು, ಮಂಡಿ ಮಡಚುತ್ತಿರಲಿಲ್ಲ. ಕೊಡ ತುಂಬಿಸಲು ಹೋಗಿ ಇಂಥದ್ದೇ ಹೊಂಡಕ್ಕೆ ಬಿದ್ದಿದ್ದಳು. ದಡದ ಶೀಟಿನ ಮೇಲೆ ಉಗುರಿನ ಗೀರುಗಳಿದ್ದವೆಂದು ಮಹಜರಿನಲ್ಲಿ ಬರೆದಿತ್ತು.

ಅದರ ಹಿಂದಿನ ಹಾಳೆ ತಾಲ್ಲೂಕು ಪಂಚಾಯಿತಿಗೆ ಬರೆದ ಪತ್ರ. ಶೀಟು ಹಾಸಿದ ಪ್ರತಿ ಹೊಂಡಕ್ಕೂ ಬೇಲಿ, ಮೆಟ್ಟಿಲು, ಹಗ್ಗ ಕಡ್ಡಾಯ ಮಾಡಬೇಕು. ಹೊಂಡಗಳ ಪಟ್ಟಿ ಲಗತ್ತಿಸಿದೆ. ಕೆಳಗೆ ಶಿವಪ್ರಕಾಶರದೇ ಸಹಿ. ಪಟ್ಟಿಯೂ ಇರಲಿಲ್ಲ, ರವಾನೆ ಸಂಖ್ಯೆಯೂ ಇರಲಿಲ್ಲ.

"ಯಾಕೆ ಹೋಗಲಿಲ್ಲ ಇದು?" ಶಿವಪ್ರಕಾಶ್ ಪದ್ಮಯ್ಯನವರನ್ನು ಕೇಳಿದರು.

"ಪಟ್ಟಿ ಮಾಡೋಕೆ ಆಗಲಿಲ್ಲ ಸಾರ್. ಆಮೇಲೆ ಎಲೆಕ್ಷನ್ ಡ್ಯೂಟಿ ಬಂತು. ಆಮೇಲೆ…"

ಶಿವಪ್ರಕಾಶ್ ಕಡತ ಮುಚ್ಚಲಿಲ್ಲ, ತೆರೆದೇ ಇಟ್ಟು ಎದ್ದರು.

ಸಂಜೆ 4.40. ತೋಟದ ಕೂಲಿಯವರ ಲೈನ್ ಮನೆಯ ಮುಂದೆ ಸಿದ್ದಮ್ಮ ಗೋಣಿ ಹೊಲಿಯುತ್ತಿದ್ದಳು. ಐವತ್ತೈದರ ಹೆಂಗಸು. ಪೊಲೀಸರನ್ನು ಕಂಡು ದಬ್ಬಣವನ್ನು ಚೀಲಕ್ಕೆ ಸಿಕ್ಕಿಸಿದಳು.

"ಮರುಳಸಿದ್ದಪ್ಪನವರ ಹೊಂಡಕ್ಕೆ ಹೋಗಿದ್ಯಾ?"

"ಹೋಗಿದ್ದೆ ಸಾಮಿ, ಎಲ್ಲರೂ ಸಂತೆಗೆ ಹೋದಾಗ."

"ನೀರು ಯಾಕೆ ಬಿಟ್ಟೆ?"

"ತುಂಬಿದ ಹೊಂಡದಲ್ಲಿ ಚೀಲ ಹೆಂಗೆ ಕೂರಿಸ್ಲಿ? ಸೊಂಟದುದ್ದ ನೀರು ಇಳಿದ್ರೆ ಸಾಕು ಅಂತ ವಾಲ್ವು ತಿರುಗಿಸ್ದೆ. ಮುಚ್ಚಕ್ಕೆ ಹೋದ್ರೆ ತುಕ್ಕು ಹಿಡ್ದು ಕಚ್ಕಂಡಿತ್ತು. ಕಲ್ಲಲ್ಲಿ ಹೊಡ್ದು ಹೊಡ್ದು ಮುಚ್ಚೋ ಹೊತ್ತಿಗೆ ಅಷ್ಟು ಹೋಗಿತ್ತು. ಅವರ ಹೂವು ಹಾಳಾದ್ರೆ ಪಾಪ ನಂದೇ."

"ಯಜಮಾನರನ್ನ ಕೇಳಬಹುದಿತ್ತಲ್ಲ?"

"ಎರಡು ತೋಟದಲ್ಲಿ ಕೇಳ್ದೆ. ಮೆಟ್ಲು ಮಾಡಿದ್ರೆ ಲೈನಿನೋರೆಲ್ಲ ಬಟ್ಟೆ ಒಗಿಯಕ್ಕೆ ಬರ್ತೀರ ಅಂದ್ರು."

"ಅಳತೆ ಯಾರು ಹೇಳಿಕೊಟ್ಟರು?"

"ಯಾರು ಹೇಳ್ತಾರೆ? ಬಲಗಾಲಿಗೆ ಕೋಲು ಕಟ್ಕಂಡು, ಮಂಡಿ ಮಡಚದಂಗೆ ಮಾಡ್ಕಂಡು ನಾನೇ ಹತ್ತಿ ನೋಡ್ದೆ. ಆರಿಂಚಿಗೆ ಬಿದ್ದೆ. ಐದಕ್ಕೂ ಆಗ್ಲಿಲ್ಲ. ನಾಲ್ಕಕ್ಕೆ ಬಂದೆ." ತುಸು ತಡೆದಳು. "ಹಿಂದಿನೋರು ಕಟ್ಟಿದ ಕೆರೆಗೆ ಮೆಟ್ಲು ಇರ್ತದೆ. ಈ ಹೊಂಡಕ್ಕೆ ಯಾಕಿಲ್ಲ ಸಾಮಿ? ಬೀಳೋದನ್ನ ತಪ್ಸಕ್ಕಾಗಲ್ಲ. ಬಿದ್ದೋರು ಎದ್ದು ಬರ್ಬೇಕು."

ರಂಜಿತಾ ದಸ್ತಗಿರಿ ಪತ್ರ ಓದಿ ಹೇಳಿದಳು. ಸೂರ್ಯ ಮುಳುಗುವ ಮೊದಲೇ ಅವಳನ್ನು ಠಾಣೆಗೆ ಕರೆತಂದರು. ಜಾಮೀನು ಕೊಡಬಹುದಾದ ಅಪರಾಧ; ಸತೀಶನೇ ಜಾಮೀನು ನಿಂತ.

ಹೇಳಿಕೆ ಮುಗಿದ ಮೇಲೆ ಶಿವಪ್ರಕಾಶ್ ಕೇಳಿದರು, "ಸಿದ್ದಮ್ಮ, ಈ ಸುತ್ತಿನಲ್ಲಿ ಇಂಥ ಹೊಂಡ ಎಷ್ಟಿವೆ?"

"ಮೂವತ್ತೊಂದು."

"ಎಣಿಸಿದ್ಯಾ?"

"ನಡ್ದು ನೋಡೀನಿ. ಹತ್ತೊಂಬತ್ತಕ್ಕೆ ಬೇಲಿ ಇಲ್ಲ. ಯಾವುದಕ್ಕೆ ಯಾವ ಕಡೆ ಹೆಂಗಸ್ರು ನೀರಿಗೆ ಇಳೀತಾರೆ, ಎಲ್ಲಿ ಜಾರ್ತದೆ, ಎಲ್ಲ ಹೇಳ್ತೀನಿ. ಬರ್ಕೊಳವ್ವ."

ರಂಜಿತಾ ಎರಡೂವರೆ ಪುಟ ಬರೆದಳು. ಎಲ್ಲಿಯೂ ತಡೆದು ಕೇಳುವ ಪ್ರಮೇಯ ಬರಲಿಲ್ಲ. ಹೆಬ್ಬೆಟ್ಟು ಒತ್ತಿದ ಸಿದ್ದಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಮಾರ್ಚ್ 5, ಬೆಳಿಗ್ಗೆ 10.15. ಶಿವಪ್ರಕಾಶ್ ಹಳೆಯ ಪತ್ರದ ಹಳೆಯ ತಾರೀಖನ್ನು ಅಳಿಸಲಿಲ್ಲ. ಅದರ ಕೆಳಗೆ ಅಂದಿನ ತಾರೀಖು ಬರೆದು, ಮೆಟ್ಟಿಲಿನ ನಕ್ಷೆಯನ್ನೂ ನಾಲ್ಕು ಇಂಚಿನ ಅಳತೆಯನ್ನೂ ಸೇರಿಸಿ, ಪಟ್ಟಿಯೊಂದಿಗೆ ಪಿನ್ನು ಹಾಕಿದರು. ರವಾನೆ ಪುಸ್ತಕದಲ್ಲಿ ಸಂಖ್ಯೆ ಬಿತ್ತು.

"ಅಂಚೆಗೆ ಹಾಕಲಾ ಸಾರ್?"

"ಬೇಡ. ಮುದ್ದಾಂ ಕೈಗೇ ಕೊಟ್ಟು, ಸಹಿ ಹಾಕಿಸಿಕೊಂಡು ಬನ್ನಿ."

ಪದ್ಮಯ್ಯ ಲಕೋಟೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಬೈಕು ಹತ್ತಿದರು.