ಒಂದೇ ಗೂಟದಲ್ಲಿ ಎರಡು ಜಾಕೆಟ್

"ತಲೆ ಹಿಡ್ಕೊಳ್ರಿ, ಬಂಡೆಗೆ ತಾಗತ್ತೆ," ಎಂದ ಇನ್‌ಸ್ಪೆಕ್ಟರ್. ಗುಹೆಯೊಳಗಿನ ಇಕ್ಕಟ್ಟು ಕಿಂಡಿಯಿಂದ ಈಚೆ ಎಳೆಯುತ್ತಿದ್ದ ಹೆಣ ಭಾರವಿತ್ತು. ಕಡಲ ನಡುವಿನ ಈ ಪುರಾತನ ಗುಹೆ ನೋಡಲು ನಿನ್ನೆ ತಮ್ಮ ಹಾಗೂ ಇತರ ಪ್ರವಾಸಿಗರೊಂದಿಗೆ ದೋಣಿಯಲ್ಲಿ ಬಂದಿದ್ದ ದಪ್ಪನೆಯ ವ್ಯಾಪಾರಿ, ಉಬ್ಬರ ಏರುವಾಗ ಒಳಗೇ ಉಳಿದುಹೋಗಿದ್ದ. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ.

ದೋಣಿ ನಡೆಸುತ್ತಿದ್ದ ಗೈಡ್ ಹೆಂಗಸನ್ನು ಎಲ್ಲರೂ ದೋಣಿಯಕ್ಕ ಎನ್ನುತ್ತಿದ್ದರು. ನಿನ್ನೆ ಕರೆದೊಯ್ದವಳೂ ಅವಳೇ. ಗುಹೆಯಿಂದ ವಾಪಸ್ ಹೊರಡುವಾಗ ಎಲ್ಲ ಬಂದ್ರಾ ಎಂದು ಕೂಗಿದ್ದಳಂತೆ. ಹೂಂ ಎಂದವನು ತಮ್ಮ. ದಡದಲ್ಲಿ ಜಾಕೆಟ್ ಎಣಿಸಿದ್ದಳು. ಲೆಕ್ಕ ಸರಿಯಿತ್ತು.

* * *

ಜಾಕೆಟ್ ಇಡುವ ಶೆಡ್ಡಿನಲ್ಲಿ ಇನ್‌ಸ್ಪೆಕ್ಟರ್ ಬೆಂಚಿನ ಮೇಲೆ ಕುಸಿದ. ಅಣ್ಣ ದೋಣಿಯ ಮುಂದುಗಡೆ ಕೂತಿದ್ದಾನೆ ಅಂದುಕೊಂಡಿದ್ದೆ ಎಂದು ತಮ್ಮ ಕಣ್ಣೊರೆಸಿದ. ತಪ್ಪು ಮುಚ್ಚಲು ದೋಣಿಯಕ್ಕನೇ ಹೆಚ್ಚಿನದೊಂದು ಜಾಕೆಟ್ ನೇತುಹಾಕಿರಬೇಕು ಎಂಬುದು ಪೇದೆಯ ಅಂಬೋಣ. ಅದನ್ನೇ ಬರೆದುಕೊಂಡರೆ ಮನೆಗೆ ಹೋಗಿ ಮಲಗಬಹುದಿತ್ತು.

ಕೊನೆಯ ಗೂಟ ಕಣ್ಣಿಗೆ ಬಿತ್ತು. ಒಂದು ಜಾಕೆಟ್ಟಿನೊಳಗೆ ಇನ್ನೊಂದು. ಹೊರಗಿನದರ ಬೆಲ್ಟಿಗೆ ಹಗ್ಗದ ತುಂಡು.

"ಇದೇನಕ್ಕಾ?"

"ಆ ದೊಡ್ಡೋರಿಗೆ ಬೆಲ್ಟ್ ಸಾಲ್ಲಿಲ್ಲ. ನಾನೇ ಕಟ್ಟಿದ್ದು."

ಇನ್‌ಸ್ಪೆಕ್ಟರ್ ಒಳಗಿನದನ್ನು ಎಳೆದ. ಒಣಗಿದ ವಾಂತಿಯ ಕಲೆ. ಮೂಗು ಮುಚ್ಚಿಕೊಂಡ.

"ಹೋಗ್ತಾ ವಾಂತಿ ಮಾಡ್ಕೊಂಡಿದ್ದು ಯಾರು?"

ಅವಳು ತಮ್ಮನ ಕಡೆ ನೋಡಿದಳು.

"ನೇತುಹಾಕೋರು ಹೀಗೆ ಒಂದರೊಳಗೊಂದು ತೂರಿಸಲ್ಲ," ಎಂದ ಇನ್‌ಸ್ಪೆಕ್ಟರ್. "ಒಬ್ಬನೇ ಎರಡನ್ನೂ ಹಾಕ್ಕೊಂಡಿದ್ದು ಒಟ್ಟಿಗೆ ಬಿಚ್ಚಿದ್ರೆ ಹೀಗಾಗತ್ತೆ. ಗುಹೆಯೊಳಗಿನ ಆ ಕಿಂಡೀಲಿ ನಿಮ್ಮಣ್ಣ ಜಾಕೆಟ್ ಸಮೇತ ತೂರೋದು ಸಾಧ್ಯವಿರಲಿಲ್ಲ. ಬಿಚ್ಚಿ ಕೊಡು, ಹಿಡ್ಕೊಂಡಿರ್ತೀನಿ ಅಂದೆ ನೀನು. ಅವನು ಆಚೆ ಹೋದ, ನೀನು ಅವನದ್ದನ್ನೂ ಮೇಲೆ ಹಾಕ್ಕೊಂಡು ದೋಣಿಗೆ ಬಂದೆ. ಅಲೆ ಸದ್ದಲ್ಲಿ ಅವನ ಕೂಗು ಯಾರಿಗೆ ಕೇಳ್ಬೇಕು? ನಿನ್ನ ನಾತಕ್ಕೆ ಪಕ್ಕದಲ್ಲೂ ಯಾರೂ ಕೂರಲಿಲ್ಲ, ಎರಡು ಜಾಕೆಟ್ ಇರೋದು ಯಾರ ಕಣ್ಣಿಗೂ ಬೀಳಲಿಲ್ಲ. ಅಕ್ಕ ಎಣಿಸೋದು ತಲೆಯಲ್ಲ, ಜಾಕೆಟ್ ಅಂತ ಹತ್ತುವಾಗಲೇ ನೀನು ನೋಡಿಟ್ಟಿದ್ದೆ."

ತಮ್ಮ ಕಣ್ಣೊರೆಸುವುದನ್ನು ನಿಲ್ಲಿಸಿದ. ಆಮೇಲೆ, "ಅಪ್ಪ ಸತ್ತ ಮೇಲೆ ಅಂಗಡಿ ಕೀಲಿಕೈ ಒಂದಿನಾನೂ ನನ್ನ ಕೈಗೆ ಕೊಟ್ಟಿಲ್ಲ," ಎಂದ.

ಪೇದೆ ಅವನನ್ನು ಕರೆದೊಯ್ದ.

* * *

ಬೆಳಿಗ್ಗೆ ಹೆಣ ದಡಕ್ಕೆ ತಂದೊಡನೆ ದೋಣಿಯಕ್ಕನಿಂದ ಕಿತ್ತುಕೊಂಡಿದ್ದ ಲೈಸೆನ್ಸನ್ನೂ ದೋಣಿಯ ಕೀಲಿಯನ್ನೂ ಇನ್‌ಸ್ಪೆಕ್ಟರ್ ಅವಳ ಮುಂದೆ ಹಿಡಿದ. ಕೇಸಿಲ್ಲ, ನಾಳೆಯಿಂದಲೇ ದೋಣಿ ಬಿಡಬಹುದು ಎಂದ.

ದೋಣಿಯಕ್ಕ ಕೈ ನೀಡಲಿಲ್ಲ. ಹಗ್ಗದ ಗಂಟು ಬಿಚ್ಚುತ್ತಿದ್ದಳು.

"ಮುಖ ನೋಡಿ ಎಣಿಸಿದ್ರೆ ಆಗ್ತಿತ್ತು, ಸಾರ್."

"ಕೊಂದಿದ್ದು ಅವನು, ಅಕ್ಕಾ. ಮನೆ ನಡೀಬೇಡ್ವಾ? ತಗೋ."

"ಬೇಡ."