ಕಂಟ್ರೋಲ್ ಸ್ಯಾಂಪಲ್

ನಮ್ಮ ಲ್ಯಾಬಿನಲ್ಲಿ ಒಂದು ರೂಢಿಯಿದೆ. ರೋಗಿಗಳ ಸ್ಯಾಂಪಲ್‌ಗಳ ಜೊತೆ ಆರೋಗ್ಯವಾಗಿರುವ ಸಿಬ್ಬಂದಿ ಒಬ್ಬರದನ್ನೂ ಪರೀಕ್ಷಿಸುತ್ತೇವೆ. ಆ ಕಂಟ್ರೋಲ್ ಸ್ಯಾಂಪಲ್ ನೆಗೆಟಿವ್ ಬಂದರೆ ಪರೀಕ್ಷೆ ಸರಿಯಾಗಿದೆ ಎಂದರ್ಥ. ಆ ವಾರದ ಸರದಿ ನನ್ನದು.

ನನ್ನ ಮೂಗಿಗೆ ಹತ್ತಿಕಡ್ಡಿ ಹಾಕಿದವನು ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವವನು. ನನ್ನ ಕಣ್ಣಲ್ಲಿ ನೀರು ಬಂತು.

"ಅಳಬೇಡಿ ಮೇಡಂ. ಮದುವೆ ಆದ್ಮೇಲೆ ಅಳೋದು ಇದ್ದೇ ಇದೆ."

"ಯಾರ ಜೊತೆ?"

ಅವನು ತಲೆ ತಗ್ಗಿಸಿ ಟ್ಯೂಬಿನ ಮೇಲೆ ನನ್ನ ಹೆಸರು ಬರೆದ. ಕಿವಿ ಮಾತ್ರ ಕೆಂಪಾಗಿತ್ತು. "ಭಾನುವಾರ ಮನೆಗೆ ಬಾ. ಅಕ್ಕ ನಿನ್ನ ನೋಡಬೇಕಂತೆ."

ನನ್ನ ಸ್ಯಾಂಪಲ್ ನಾಯಿಕೆಮ್ಮಿಗೆ ಪಾಸಿಟಿವ್ ಬಂತು. ಗಂಟಲಲ್ಲಿ ಹತ್ತು ದಿನದಿಂದ ಸಣ್ಣ ಕೆರೆತವಿತ್ತು, ಅಷ್ಟೇ.

"ಕಂಟಾಮಿನೇಷನ್, ರೋಗಿಯ ಸ್ಯಾಂಪಲ್ ಸೋಕಿರುತ್ತೆ," ಎಂದು ಅವನು ನಕ್ಕ. "ಲಸಿಕೆ ಹಾಕಿಸ್ಕೊಂಡಿದೀಯಲ್ಲ. ನಿನ್ನ ಕೈ ನಡುಗಿರುತ್ತೆ."

"ನಡುಗಿದ್ದು ನಿನ್ನ ಕೈ."

ಅವನು ರಿಜಿಸ್ಟರಿನಲ್ಲಿ 'ಕಂಟಾಮಿನೇಷನ್' ಎಂದೇ ಬರೆದ. ನಾನು ಟ್ಯೂಬನ್ನು ಫ್ರೀಜರಿಗೆ ಹಾಕಿದೆ.

ಭಾನುವಾರ ಅವನಕ್ಕ ಐದು ವಾರದ ಮಗಳನ್ನು ನನ್ನ ಮಡಿಲಿಗಿಟ್ಟಳು. ಇನ್ನೂ ಲಸಿಕೆಯ ವಯಸ್ಸಾಗದ ಕೂಸು. ನಾನು ಪಕ್ಕಕ್ಕೆ ತಿರುಗಿ ಕೆಮ್ಮಿದೆ.

"ನೋಡು, ಅತ್ತೆ ಕೆಮ್ಮಿದ್ರೂ ನಗ್ತಾಳೆ ಇವಳು," ಎಂದಳು ಅಕ್ಕ. ಬಾಗಿಲಿಗೆ ಒರಗಿ ನಿಂತಿದ್ದ ಅವನು ಆ 'ಅತ್ತೆ'ಗೆ ನನ್ನ ಕಡೆ ಹುಬ್ಬು ಹಾರಿಸಿದ.

ಹತ್ತನೆಯ ದಿನ ಮಗುವಿಗೆ ಕೆಮ್ಮು ಶುರುವಾಯಿತು. ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿತ್ತು. ಮೂರನೆಯ ವಾರ ತೀರಿಕೊಂಡಿತು.

"ಮನೆಗೆ ಈ ರೋಗ ಯಾರು ತಂದು ಹಾಕಿದ್ರು ಅಂತ ಗೊತ್ತಾಗಲಿ," ಎನ್ನುತ್ತಿದ್ದ ಅವನು. "ಜನ್ಮದಲ್ಲಿ ಅವರ ಮುಖ ನೋಡಲ್ಲ."

ಮಗುವಿನ ಸ್ಯಾಂಪಲ್‌ನಲ್ಲಿದ್ದ ಬ್ಯಾಕ್ಟೀರಿಯಾದ ಜೀನ್‌ಗಳನ್ನು ಓದಿದವಳು ನಾನು. ಒಂದು ಜೀನ್ ತುಂಡಾಗಿತ್ತು; ಅದರಿಂದ ಮೈಮೇಲಿರಬೇಕಾದ ಒಂದು ಪ್ರೊಟೀನೇ ಇರಲಿಲ್ಲ. ಲಸಿಕೆ ನಮ್ಮ ರಕ್ತಕ್ಕೆ ಗುರುತು ಹೇಳಿಕೊಡುವುದು ಅಂಥ ಕೆಲವೇ ಪ್ರೊಟೀನ್‌ಗಳದು. ಲಸಿಕೆ ಪಡೆದವರ ನಡುವೆ ಬದುಕುತ್ತಾ ಬದುಕುತ್ತಾ, ಆ ಗುರುತನ್ನು ಕಳಚಿಟ್ಟ ತಳಿಗಳೇ ಹೆಚ್ಚು ಉಳಿದುಕೊಂಡಿವೆ. ನಮ್ಮಂಥವರಿಗೆ ಅವು ಬರೀ ಗಂಟಲ ಕೆರೆತ.

ಫ್ರೀಜರಿನಿಂದ ನನ್ನ ಟ್ಯೂಬ್ ತೆಗೆದು ಅದನ್ನೂ ಓದಿದೆ. ಅದೇ ಜೀನ್, ಅದೇ ಜಾಗದಲ್ಲಿ ತುಂಡಾಗಿತ್ತು. ಉಳಿದದ್ದರಲ್ಲಿ ಒಂದಕ್ಷರವೂ ಬೇರೆಯಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಎರಡೂ ವರದಿಗಳ ಹಾಳೆಗಳನ್ನು ಅವನ ಮುಂದಿಟ್ಟೆ. ಅವನು ಸಾಲು ಸಾಲಾಗಿ ಓದಿದ.

"ಕಂಟಾಮಿನೇಷನ್ ಅಂದವನು ನಾನು."

"ಕೆಮ್ಮಿದವಳು ನಾನು."

"ಅಕ್ಕ ದಿನಾ ನಿನ್ನ ಕೇಳ್ತಾಳೆ. ನಾನು ಹೇಳ್ತೀನಿ ಅವಳಿಗೆ, ಇಬ್ಬರ ತಪ್ಪೂ." ಹಾಳೆಗಳನ್ನು ಮಡಚಿಟ್ಟು ಅಂದ, "ಆಮೇಲೆ ನಿನ್ನ ಆ ಮನೆಗೆ ಕರ್ಕೊಂಡು ಹೋಗೋಕೆ ನನ್ನಿಂದ ಆಗಲ್ಲ."

"ಗೊತ್ತು."

ಅವನು ರಿಜಿಸ್ಟರ್ ತೆಗೆದು 'ಕಂಟಾಮಿನೇಷನ್' ಹೊಡೆದುಹಾಕಿ 'ಪಾಸಿಟಿವ್' ಎಂದು ಬರೆದ. ತಿದ್ದಿದ್ದಕ್ಕೆ ಇಬ್ಬರ ಸಹಿ ಬೇಕು. ತಾನು ಹಾಕಿ, ಪೆನ್ನನ್ನು ನನ್ನತ್ತ ತಳ್ಳಿದ. ಅವನ ಹೆಸರಿನ ಪಕ್ಕದಲ್ಲಿ ನನ್ನ ಹೆಸರು ಬರೆದೆ.

ಈ ಸಲ ಯಾರ ಕೈಯೂ ನಡುಗಲಿಲ್ಲ.